ಹನ್ನೆರಡು ಚೀಟಿ ಕೂಡಿಸಲು ಹೊರಟ ಇಚಲಕರಂಜಿ ಅಜ್ಜ

ಇಚಲಕರಂಜಿ: ಮಗ್ಗದ ಸದ್ದು ನಿಲ್ಲದ ಓಣಿ. ಮಾಳಿಗೆ ಕೋಣೆಯಲ್ಲಿ ನಿವೃತ್ತ ಗುಮಾಸ್ತರೊಬ್ಬರು ಭೂತಗನ್ನಡಿ ಹಿಡಿದು ಕೂತಿದ್ದಾರೆ. ಮುಂದಿರುವುದು ವೆಸ್ಟ್ ಇಂಡೀಸ್‌ನ ನೆವಿಸ್ ದ್ವೀಪದ 1 ಪೆನ್ನಿಯ ಹಳೆ ಅಂಚೆ ಚೀಟಿ. ‘ಹೆಸರು ಹಾಕಬ್ಯಾಡ್ರಿ. ಕಳ್ಳರಿಗಿಂತ ಮನ್ಯಾಗಿನವರ ಅಂಜಿಕಿನ ಹೆಚ್ಚೈತಿ’ ಎಂದು ನಕ್ಕರು.

ನೆವಿಸ್ ಎಂದರೆ ಕ್ರಿಕೆಟ್ ಪ್ರಿಯರಿಗೆ ಕೀತ್ ಆರ್ಥರ್ಟನ್ ಹುಟ್ಟಿದ ನೆಲ. ವಿಸ್ತೀರ್ಣ ಕೇವಲ 93 ಚದರ ಕಿ.ಮೀ. ಬ್ರಿಟಿಷರ ಕೈಯಲ್ಲಿದ್ದ ಈ ದ್ವೀಪ 1860ರ ದಶಕದ ಆರಂಭದಲ್ಲಿ 1, 4, 6 ಪೆನ್ನಿ ಹಾಗೂ 1 ಶಿಲ್ಲಿಂಗ್ ಬೆಲೆಯ ಸ್ವಂತ ಚೀಟಿಗಳನ್ನು ಹೊರಡಿಸಿತು. ಅದರ ಮೇಲೆ ರಾಣಿಯ ಮುಖವಿಲ್ಲ, ಔಷಧಿ ಗುಣದ ಬುಗ್ಗೆಯ ಚಿತ್ರವಿದೆ. ಒಂದು ಹಾಳೆಗೆ 12 ಚೀಟಿ. ಒಂದೊಂದನ್ನೂ ಬೇರೆ ಬೇರೆ ಕೆತ್ತಿದ್ದರಿಂದ ಒಂದರಂತೆ ಇನ್ನೊಂದಿಲ್ಲ. ಹನ್ನೆರಡನ್ನೂ ಗುರುತಿಸಿ ಕೂಡಿಸುವುದೇ ಸಂಗ್ರಾಹಕರ ಹಟ. 1890ರಲ್ಲಿ ಲೀವರ್ಡ್ ದ್ವೀಪಗಳ ಸಾಮಾನ್ಯ ಚೀಟಿ ಬಂದಾಗ ನೆವಿಸ್‌ನ ಸ್ವಂತ ಚೀಟಿಗಳು ನಿಂತವು.

ಅಜ್ಜನ ಬಳಿ ಏಳು ಇವೆ. ಎಂಟನೆಯದೆಂದು ಕೊಂಡದ್ದು ನಕಲಿಯಾಗಿತ್ತು. ‘ಕೆತ್ತಿದ ಅಚ್ಚಿನ ಶಾಯಿ ಬೆರಳಿಗೆ ಸ್ವಲ್ಪ ಉಬ್ಬಿ ತಾಕತೈತಿ. ಇದು ನುಣ್ಣಗ ಇತ್ತು. ರೊಕ್ಕ ಕೊಟ್ಟ ಮ್ಯಾಲ ತಿಳೀತು’.

ಕೊಲ್ಹಾಪುರಕ್ಕೆ ಯಾಕಿಲ್ಲ?

ಪುಣೆ ಬಳಿಯ ಸಣ್ಣ ಭೋರ ಸಂಸ್ಥಾನ 1879ರಲ್ಲೇ ಅಂಚೆ ಚೀಟಿ ತಂದಿತ್ತು. ಅದಕ್ಕಿಂತ ದೊಡ್ಡ ಕೊಲ್ಹಾಪುರದ ಹೆಸರು ಅಂಚೆ ಚೀಟಿಗಳ ಪಟ್ಟಿಯಲ್ಲಿಲ್ಲ. ಆದರೆ 1949ರ ಮಾರ್ಚ್ 1ರಂದು ವಿಲೀನವಾಗುವ ಮುನ್ನ ಈ ಸಂಸ್ಥಾನದ ಕೋರ್ಟ್ ಫೀ ಮತ್ತು ರೆವೆನ್ಯೂ ಸ್ಟಾಂಪುಗಳಿದ್ದವು. ಗಡಹಿಂಗ್ಲಜ ಭಾಗದ ಹಳೆ ಮನೆಗಳ ಟ್ರಂಕಿನಲ್ಲಿ ಇವನ್ನು ಅಂಟಿಸಿದ ಕಾಗದಪತ್ರ ಇಂದಿಗೂ ಸಿಗಬಹುದು.

ಅಜ್ಜ ಇಲ್ಲಿ ಮಾತು ನಿಲ್ಲಿಸಿದರು. ಹನ್ನೆರಡರ ವಯಸ್ಸಿನಲ್ಲಿ ಗಡಹಿಂಗ್ಲಜದ ಸೋದರಮಾವನ ಮನೆಯಲ್ಲಿ ಇಂಥ ಸ್ಟಾಂಪು ಕತ್ತರಿಸಿ ಆಲ್ಬಮ್ಮಿಗೆ ಹಚ್ಚಿದ್ದರಂತೆ. ಮೋಡಿ ಲಿಪಿಯ ಉಳಿದ ಕಾಗದ ರದ್ದಿಗೆ ಹೋಯಿತು. ಮುಂದೆ ಹೊಲದ ಪಾಲಿನ ತಕರಾರು ಎದ್ದಾಗ ತೋರಿಸಲು ದಾಖಲೆಯೇ ಇರಲಿಲ್ಲ.

‘ಚೀಟಿ ಉಳೀತು, ಹೊಲದ ಕಥಿ ಹೋತು. ಮಾಮಾ ಬೈಲಿಲ್ಲ. ಬೈದಿದ್ರ ಚಲೋ ಇತ್ತು’ ಎಂದರು.

ಕತ್ತರಿಸಬೇಡಿ

ಹಳೆ ಸ್ಟಾಂಪು ಕಂಡರೆ ಕತ್ತರಿಸದೆ ಇಡೀ ಕಾಗದ ಉಳಿಸಿ ಎಂಬುದು ಅವರ ವಿನಂತಿ. ಬಿಡಿಸಿದ ಸ್ಟಾಂಪಿಗಿಂತ ಇಡೀ ಪತ್ರಕ್ಕೆ ಸಂಗ್ರಾಹಕರೂ ಬೆಲೆ ಕೊಡುತ್ತಾರೆ. ಮೋಡಿ ಬಲ್ಲವರಿಂದ ಮೊದಲು ಓದಿಸಬೇಕು. ಸಂಸ್ಥಾನ ಕಾಲದ ದಫ್ತರಗಳಿರುವ ಪುರಾಭಿಲೇಖ ಕಚೇರಿಯೂ ಕೊಲ್ಹಾಪುರದಲ್ಲಿದೆ.

ನೆವಿಸ್‌ನ ಇನ್ನೂ ಐದು ಬೇಕು. ಸಿಗುತ್ತವೆಯೇ ಎಂದು ಕೇಳಿದರೆ ಅಜ್ಜ ಮೊಮ್ಮಗಳತ್ತ ನೋಡಿದರು. ಆಲ್ಬಮ್ ಅವಳ ಕೈಯಲ್ಲಿತ್ತು. ಕತ್ತರಿ ಮಾತ್ರ ಅಜ್ಜನ ಕಪಾಟಿನೊಳಗೆ, ಕೀಲಿ ಹಾಕಿ ಇಟ್ಟಿದೆ.