ನಮ್ಮ ಬಯಲಿನ ಗುರುತುಗಳು

ಕಳೆದ ವರ್ಷ ಇತಿಹಾಸದ ತರಗತಿಯಲ್ಲಿ ನಮ್ಮ ಅಧ್ಯಾಪಕರು, "ನಿಮ್ಮ ಊರಿನಲ್ಲಿ ನೋಡತಕ್ಕದ್ದು ಏನಿದೆ?" ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ನನ್ನ ಸರದಿ ಬಂದಾಗ, "ಏನೂ ಇಲ್ಲ ಸಾರ್, ಬರೀ ಗುಂಡುಕಲ್ಲು" ಎಂದುಬಿಟ್ಟೆ. ಗೆಳೆಯರೆಲ್ಲ ನಕ್ಕರು, ಅಧ್ಯಾಪಕರು ಮಾತ್ರ ನಗಲಿಲ್ಲ. "ಯಾವ ಊರಪ್ಪ?" ಎಂದು ಕೇಳಿದರು. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಹತ್ತಿರ ಎಂದು ಹೇಳಿದೆ. "ಹಾಗಾದರೆ ಆ ಗುಂಡುಕಲ್ಲುಗಳನ್ನೇ ಮತ್ತೊಮ್ಮೆ ನೋಡಿಕೊಂಡು ಬಾ" ಎಂದರು. ಹಾಗೆ ನೋಡಿಬಂದುದರ ಫಲವೇ ಈ ಲೇಖನ.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ನಾಡಿನಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗೆ ಸೇರಿದವು. ಕಣ್ಣು ಹಾಯಿಸಿದಷ್ಟು ದೂರ ಹುಲ್ಲಿನ ಬಯಲು, ಶೇಂಗಾ ಹೊಲ, ನಡುನಡುವೆ ಬೋಳು ಬೆಟ್ಟಗಳು. ಬೇಲೂರು ಹಳೇಬೀಡುಗಳಂತಹ ಕೆತ್ತನೆಯ ಗುಡಿಗಳನ್ನು ಇಲ್ಲಿ ಹುಡುಕಿದರೆ ನಿರಾಶೆಯಾದೀತು. ಆದರೆ ಅವುಗಳಿಗಿಂತ ಸಾವಿರದ ಮುನ್ನೂರು ವರ್ಷಗಳಿಗೂ ಹಿಂದಿನ ಬರಹ ಈ ಬಯಲಿನ ಬಂಡೆಗಳ ಮೇಲಿದೆ.

1892ರಲ್ಲಿ ಮೈಸೂರು ಸಂಸ್ಥಾನದ ಶಾಸನ ಸಂಶೋಧಕರಾದ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬೆಳಕಿಗೆ ತಂದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹಗಳ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಮೊದಲು ಆರೋಗ್ಯವನ್ನು ಹಾರೈಸಿ, ಆಮೇಲೆ ರಾಜಾಜ್ಞೆಯನ್ನು ತಿಳಿಸುತ್ತಾರೆ. ಆ ಇಸಿಲವೇ ಬ್ರಹ್ಮಗಿರಿಯ ತಪ್ಪಲಿನ ಹಾಳು ಪಟ್ಟಣವೆಂದು ವಿದ್ವಾಂಸರು ಗುರುತಿಸಿದ್ದಾರೆ. ಆಜ್ಞೆಯ ಸಾರ ನಮಗೆ ಅಪರಿಚಿತವಲ್ಲ: ತಾಯಿತಂದೆಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಉನ್ನತಿ ಪಡೆಯಬಲ್ಲರೆಂಬ ಮಾತೂ ಅದರಲ್ಲುಂಟು.

ಇದನ್ನು ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ, ತಾನು ಲಿಪಿಕಾರನೆಂಬ ಒಂದು ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿಯು ಗಾಂಧಾರದ ಕಡೆಯ ಲಿಪಿ. ಆದುದರಿಂದ ಅವನು ವಾಯವ್ಯ ದೇಶದಿಂದ ಬಂದವನೋ, ಅಲ್ಲಿ ಕಲಿತವನೋ ಇರಬೇಕೆಂದು ಊಹಿಸುತ್ತಾರೆ.

ಓದಲು ಬಾರದಿದ್ದ ಕಾಲದಲ್ಲೂ ನಮ್ಮ ಹಿರಿಯರು ಈ ಬಂಡೆಗಳಿಗೆ ಹೆಸರಿಟ್ಟಿದ್ದರು. ಬ್ರಹ್ಮಗಿರಿಯದು ಅಕ್ಷರಗುಂಡು. ಏನು ಬರೆದಿದೆಯೆಂದು ತಿಳಿಯದಿದ್ದರೂ ಬರೆದಿರುವುದು ಅಕ್ಷರವೆಂದು ತಿಳಿದಿತ್ತು. ಜಟಿಂಗ ರಾಮೇಶ್ವರದ ಬಂಡೆ ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರಂತೆ. ಮೂರರಲ್ಲಿ ಹೆಚ್ಚು ಸವೆದುಹೋದ ಶಾಸನ ಇದು. 3,400 ಅಡಿಗೂ ಎತ್ತರದ ಈ ಬೆಟ್ಟದಲ್ಲಿಯೇ ಜಟಾಯು ರಾವಣನೊಡನೆ ಹೋರಾಡಿ ಬಿದ್ದನೆಂದು ಸ್ಥಳಪುರಾಣ ಹೇಳುತ್ತದೆ.

ಬ್ರಹ್ಮಗಿರಿಯ ನೆಲದಡಿಯೂ ಇತಿಹಾಸವೇ. ಡಾ. ಎಂ. ಎಚ್. ಕೃಷ್ಣ ಅವರು 1940ರ ಸುಮಾರಿನಲ್ಲಿ ಇಲ್ಲಿ ಅಗೆತ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅದನ್ನು ಮುಂದುವರಿಸಿದರು. ಮೇಲಿನ ಪದರದಲ್ಲಿ ಸಿಕ್ಕ ಒಂದು ಬಗೆಯ ಚಕ್ರಾಂಕಿತ ಮಡಕೆಯ ಚೂರುಗಳು ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿಯೂ ಸಿಕ್ಕಿದ್ದವು. ಅಲ್ಲಿ ಅವು ರೋಮ್ ದೇಶದ ಪಾತ್ರೆಗಳೊಡನೆ ದೊರೆತುದರಿಂದ ಕಾಲ ಗೊತ್ತಾಗಿತ್ತು. ಅದೇ ಅಳತೆಗೋಲಿನಿಂದ ಇಲ್ಲಿಯ ಮೇಲಿನ ಪದರದ ಕಾಲವನ್ನು ನಿರ್ಧರಿಸಿ, ಅದರ ಕೆಳಗೆ ಕಬ್ಬಿಣ ಬಳಸಿ ಕಲ್ಲುಗೋರಿ ಕಟ್ಟಿದವರನ್ನೂ, ಇನ್ನೂ ಕೆಳಗೆ ನಯಗೊಳಿಸಿದ ಕಲ್ಗೊಡಲಿಯ ಜನರನ್ನೂ ವೀಲರ್ ಕ್ರಮವಾಗಿ ಗುರುತಿಸಿದರು. ದಕ್ಷಿಣದ ಕಲ್ಗೊಡಲಿಯ ಜನರು ಅವರು ಎಣಿಸಿದುದಕ್ಕಿಂತಲೂ ಬಹಳ ಹಿಂದಿನವರೆಂದು ಮುಂದೆ ಇಂಗಾಲದ ಪರೀಕ್ಷೆಗಳಿಂದ ತಿಳಿದುಬಂದಿತು. ಆದರೂ ದಕ್ಷಿಣ ಭಾರತದ ಪ್ರಾಕ್ತನ ಶಾಸ್ತ್ರಕ್ಕೆ ಈ ಅಗೆತ ಒಂದು ಮೆಟ್ಟಿಲಾಯಿತು.

ಚಳ್ಳಕೆರೆಯ ಕಡೆ ಬಂದರೆ ದೊಡ್ಡೇರಿ ಸಿಗುತ್ತದೆ. ಔರಂಗಜೇಬನ ಸರದಾರ ಕಾಸಿಂಖಾನನು 1695ರ ಕೊನೆಯಲ್ಲಿ ಮರಾಠರ ಸಂತಾಜಿ ಘೋರ್ಪಡೆಗೆ ಸೋತು ಇಲ್ಲಿಯ ಕೋಟೆಯೊಳಗೆ ಸಿಕ್ಕಿಬಿದ್ದು ಅಲ್ಲಿಯೇ ಸತ್ತನು. ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯವರ ಮಠಗಳಿವೆ. ಆ ಮಹನೀಯರು ಬರದ ನಾಡಿನಲ್ಲಿ ಕೆರೆ ಕಟ್ಟಿಸಿದರೆಂದೂ, ಮಾಡಿದ ಕೆಲಸಕ್ಕೆ ತಕ್ಕ ಪ್ರತಿಫಲವೆಂಬ ನೀತಿಯನ್ನು ಸಾರಿದರೆಂದೂ ಜನ ಇಂದಿಗೂ ನೆನೆಯುತ್ತಾರೆ.

ಎಲ್ಲ ಗುರುತುಗಳೂ ಕಲ್ಲಿನವಲ್ಲ. ಕಾಡುಗೊಲ್ಲರ ಕ್ಯಾತೇದೇವರ ಜಾತ್ರೆಯಲ್ಲಿ ಮುಳ್ಳಿನಿಂದಲೇ ಗುಡಿ ಕಟ್ಟುತ್ತಾರೆ. ಬರಿಗಾಲಿನಲ್ಲಿ ಅದನ್ನೇರಿ ಕಳಶ ಕೀಳುತ್ತಾರೆ. ಇನ್ನು ಅಮೃತಮಹಲ್ ಕಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ತೋಪು ಎಳೆಯುವ ಎತ್ತುಗಳಿಗಾಗಿ ಮೀಸಲಿಟ್ಟ ಈ ಹುಲ್ಲುಗಾವಲುಗಳಲ್ಲಿ ಗೋಡೆಯಿಲ್ಲ, ಶಿಖರವಿಲ್ಲ. ಆದರೂ ಅವು ಮುನ್ನೂರು ವರ್ಷಗಳ ಇತಿಹಾಸವುಳ್ಳ ಸ್ಮಾರಕಗಳೇ. ಈ ಶತಮಾನದಲ್ಲಿ ಕುದಾಪುರದ ಸುತ್ತಿನ ಕಾವಲಿನ ಬಹುಭಾಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸೇರಿತು. ದೇಶಕ್ಕೆ ವಿಜ್ಞಾನ ಬೇಕು, ಒಪ್ಪೋಣ. ಆದರೆ ಬೇಲಿಯ ಈಚೆ ನಿಂತ ಕುರಿಗಾಹಿಗೆ ಅದು ಹಾಳು ಬಯಲಾಗಿರಲಿಲ್ಲವೆಂಬುದನ್ನೂ ಬರೆದಿಡಬೇಕು.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾರೆ. ಎಂಟನೆಯ ತರಗತಿಯಲ್ಲಿದ್ದಾಗ, ರಜೆಯಲ್ಲಿ ಆಡು ಕಾಯುತ್ತ, ಬೆಟ್ಟದ ತಪ್ಪಲಿನ ಒಂದು ಗುಂಡಿನ ಮೇಲೆ ಮೊಳೆಯಿಂದ ನನ್ನ ಹೆಸರನ್ನು ಕೆತ್ತಿದ್ದೆ. ಅದು ಶಾಸನದ ಬಂಡೆಯಾಗಿರಲಿಲ್ಲವೆಂಬುದೊಂದೇ ಸಮಾಧಾನ. ಆದರೆ ಅದು ನನ್ನ ಪುಣ್ಯವೇ ಹೊರತು ತಿಳಿವಳಿಕೆಯಲ್ಲ. ಆಗ ನನಗೆ ಎರಡರ ಭೇದ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈ ಸಲ ಹೋದಾಗ ಅದನ್ನು ಹುಡುಕಿದೆ. ಅಕ್ಷರ ಮಾಸಿದ್ದರೂ ಓದಲು ಬರುತ್ತದೆ. ಚಪಡನೂ ಕಲ್ಲಿನ ಮೇಲೆ ಹೆಸರು ಬಿಟ್ಟವನೇ; ಆದರೆ ಅವನು ನಾಲ್ಕು ಜನಕ್ಕೆ ಬೇಕಾದ ಮಾತನ್ನೆಲ್ಲ ಬರೆದು ಮುಗಿಸಿದ ಮೇಲೆ ಕೊನೆಗೆ ತನ್ನ ಹೆಸರು ಹಾಕಿದ. ನಾನು ಹೆಸರೊಂದನ್ನೇ ಬರೆದಿದ್ದೆ.

ನಮ್ಮ ಊರಿನ ಶಾಲೆಯ ಮಕ್ಕಳನ್ನು ಮುಂದಿನ ರಜೆಯಲ್ಲಿ ಅಕ್ಷರಗುಂಡಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಜೊತೆಗೆ ಬರುವ ಸಹಪಾಠಿಗಳಿಗೆ ನಮ್ಮ ಮನೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿಗೆ ಕೊರತೆಯಿಲ್ಲ.