ಆಯ್ಕೆಯ ಮಾರ್ಪಾಡು (ಛಾಯಾಚಿತ್ರ ಸಂಪಾದನೆ)

ಆಯ್ಕೆಯ ಮಾರ್ಪಾಡು ಎಂಬುದು ಛಾಯಾಚಿತ್ರ ಸಂಪಾದನೆಯ ತಂತ್ರಾಂಶಗಳಲ್ಲಿ ಚಿತ್ರದ ಒಂದು ಭಾಗವನ್ನು ಆಯ್ದುಕೊಂಡ ಬಳಿಕ ಆ ಆಯ್ಕೆಯನ್ನು ಹಿಗ್ಗಿಸುವ, ಕುಗ್ಗಿಸುವ ಅಥವಾ ಅದರ ಅಂಚನ್ನು ಮೃದುಗೊಳಿಸುವ ಕ್ರಿಯೆ. ಈ ಹಂತದಲ್ಲಿ ಚಿತ್ರ ಬದಲಾಗುವುದಿಲ್ಲ; ಮುಂದೆ ಮಾಡುವ ಬದಲಾವಣೆ ಎಲ್ಲಿ, ಎಷ್ಟರಮಟ್ಟಿಗೆ ತಗಲಬೇಕೆಂಬುದು ಮಾತ್ರ ನಿರ್ಧಾರವಾಗುತ್ತದೆ. ಅಡೋಬಿ ಫೋಟೊಶಾಪ್ ಮತ್ತು ಮುಕ್ತ ತಂತ್ರಾಂಶವಾದ ಜಿಂಪ್ ಎರಡರಲ್ಲಿಯೂ ಇದಕ್ಕೆ ಬೇಕಾದ ಆದೇಶಗಳು ‘ಸೆಲೆಕ್ಟ್’ ಮೆನುವಿನಲ್ಲಿವೆ.

ಆಯ್ಕೆಯ ಸ್ವರೂಪ

ಆಯ್ದ ಭಾಗದ ಸುತ್ತ ಚಲಿಸುವ ತುಂಡುಗೆರೆಗೆ ‘ಮಾರ್ಚಿಂಗ್ ಆಂಟ್ಸ್’, ಅಂದರೆ ಸಾಲುಗಟ್ಟಿ ನಡೆಯುವ ಇರುವೆಗಳು ಎಂಬ ಅಡ್ಡಹೆಸರಿದೆ. ಬಿಲ್ ಅಟ್ಕಿನ್ಸನ್ ರಚಿಸಿದ ಮ್ಯಾಕ್‌ಪೇಂಟ್ ತಂತ್ರಾಂಶದಲ್ಲಿ 1984ರಲ್ಲಿಯೇ ಇಂತಹ ಗೆರೆಯಿತ್ತು. ಈ ಗೆರೆಯನ್ನು ಕತ್ತರಿಯಿಂದ ಕತ್ತರಿಸಿದ ಅಂಚೆಂದು ಭಾವಿಸುವುದೇ ಹೊಸದಾಗಿ ಕಲಿಯುವವರ ಹೆಚ್ಚಿನ ತೊಡಕುಗಳಿಗೆ ಮೂಲ. ಆಯ್ಕೆಯು ವಾಸ್ತವವಾಗಿ ಚಿತ್ರದಷ್ಟೇ ಅಳತೆಯ, ಕಣ್ಣಿಗೆ ಕಾಣದ ಒಂದು ಬೂದುಬಣ್ಣದ ಮುಸುಕು. 8 ಬಿಟ್ ಚಿತ್ರದಲ್ಲಿ ಈ ಮುಸುಕಿನ ಪ್ರತಿಯೊಂದು ಪಿಕ್ಸೆಲಿಗೂ 0ಯಿಂದ 255ರವರೆಗಿನ ಒಂದು ಬೆಲೆಯಿರುತ್ತದೆ. 255 ಎಂದರೆ ಪೂರ್ಣ ಆಯ್ಕೆ, 0 ಎಂದರೆ ಆಯ್ಕೆಯ ಹೊರಗು, 128 ಎಂದರೆ ಸುಮಾರು ಅರ್ಧ. ಪಾರದರ್ಶಕತೆಗೆ ಅವಕಾಶವಿರುವ ಪದರದಲ್ಲಿ ಅರ್ಧ ಆಯ್ಕೆಯಾದ ಪಿಕ್ಸೆಲನ್ನು ಅಳಿಸಿದರೆ ಅದು ಅರೆಪಾರದರ್ಶಕವಾಗಿ ಉಳಿಯುತ್ತದೆ.

ಇರುವೆಸಾಲು ಈ ಅರ್ಧದ ಮಟ್ಟವನ್ನಷ್ಟೇ ತೋರಿಸುತ್ತದೆ. ಅದರ ಹೊರಗೂ ಆಯ್ಕೆಯ ಪ್ರಭಾವ ಹರಡಿರಬಹುದು. ಚಿಕ್ಕ ಆಯ್ಕೆಯನ್ನು ಅತಿಯಾಗಿ ಮೃದುಗೊಳಿಸಿದರೆ ಯಾವ ಪಿಕ್ಸೆಲೂ ಅರ್ಧವನ್ನು ಮೀರದೆ ಗೆರೆಯೇ ಕಾಣದಾಗುತ್ತದೆ; ಆದರೂ ಆಯ್ಕೆ ಉಳಿದಿರುತ್ತದೆ.

ಮಾರ್ಪಾಡಿನ ಬಗೆಗಳು

‘ಫೆದರ್’ ಆದೇಶವು ಮುಸುಕಿನ ಅಂಚನ್ನು ಒಳಗೂ ಹೊರಗೂ ಮಸುಕುಗೊಳಿಸುತ್ತದೆ. ಅದರ ಪ್ರಮಾಣವನ್ನು ಸಾಮಾನ್ಯವಾಗಿ ಪಿಕ್ಸೆಲುಗಳಲ್ಲಿ ಕೊಡುವುದರಿಂದ ಚಿತ್ರದ ಗಾತ್ರವನ್ನು ಗಮನಿಸಬೇಕು: 600 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಎದ್ದು ಕಾಣುವ 5 ಪಿಕ್ಸೆಲ್ ಮೃದುತ್ವ 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಕಣ್ಣಿಗೇ ಬೀಳದು. ಹಿಗ್ಗಿಸುವ ಆದೇಶದ ಹೆಸರು ಗೊಂದಲಕ್ಕೆ ಎಡೆಮಾಡುತ್ತದೆ. ಜಿಂಪ್‌ನಲ್ಲಿ ಅದು ‘ಗ್ರೋ’, ಫೋಟೊಶಾಪ್‌ನಲ್ಲಿ ‘ಎಕ್ಸ್‌ಪ್ಯಾಂಡ್’. ಫೋಟೊಶಾಪ್‌ನ ‘ಗ್ರೋ’ ಬೇರೆಯದೇ ಕೆಲಸ ಮಾಡುತ್ತದೆ. ಅದು ಹೋಲುವ ಬಣ್ಣದ ನೆರೆಯ ಪಿಕ್ಸೆಲುಗಳನ್ನು ಸೇರಿಸಿಕೊಳ್ಳುತ್ತದೆ. ಬಣ್ಣವನ್ನು ಆಧರಿಸಿದ ಆಯ್ಕೆಯೊಳಗೆ ಸಣ್ಣ ತೂತುಗಳು ಉಳಿದಿದ್ದರೆ, ಆಯ್ಕೆಯನ್ನು ಕೆಲವು ಪಿಕ್ಸೆಲ್ ಹಿಗ್ಗಿಸಿ ಮತ್ತೆ ಅಷ್ಟೇ ಕುಗ್ಗಿಸಿದಾಗ ಅವು ಮುಚ್ಚಿಕೊಳ್ಳುತ್ತವೆ.

ಕೂದಲಿನ ಅಂಚು ಎಲ್ಲಕ್ಕಿಂತ ಕಠಿಣ. ಬಿಳಿ ಗೋಡೆಯ ಮುಂದೆ ತೆಗೆದ ಭಾವಚಿತ್ರದಿಂದ ವ್ಯಕ್ತಿಯನ್ನು ಬೇರ್ಪಡಿಸಿ ಕಡು ಹಿನ್ನೆಲೆಯ ಮೇಲಿಟ್ಟರೆ ತಲೆಯ ಸುತ್ತ ಬೆಳ್ಳನೆಯ ಅಂಚು ಉಳಿಯುತ್ತದೆ. ಭುಜ, ತೋಳುಗಳ ಬಳಿ ಆಯ್ಕೆಯನ್ನು 1 ಅಥವಾ 2 ಪಿಕ್ಸೆಲ್ ಕುಗ್ಗಿಸಿದರೆ ಸಾಕು. ಕೂದಲಿನಲ್ಲಿ ಹಾಗೆ ಮಾಡಿದರೆ ಎಳೆಗಳೇ ಮಾಯವಾಗುತ್ತವೆ. ಅಲ್ಲಿನ ಪಿಕ್ಸೆಲುಗಳಲ್ಲಿ ಕೂದಲಿನ ಬಣ್ಣವೂ ಗೋಡೆಯ ಬಣ್ಣವೂ ಬೆರೆತಿರುವುದರಿಂದ ಆಯ್ಕೆಯನ್ನು ಎಷ್ಟು ತಿದ್ದಿದರೂ ಬಿಳುಪು ಪೂರ್ಣವಾಗಿ ಹೋಗದು, ಬಣ್ಣವನ್ನೇ ತಿದ್ದಬೇಕು. ಫೋಟೊಶಾಪ್‌ನಲ್ಲಿ 2007ರ ಸಿಎಸ್3 ಆವೃತ್ತಿಯಲ್ಲಿ ಬಂದ ‘ರಿಫೈನ್ ಎಡ್ಜ್’, 2016ರಲ್ಲಿ ಬಂದ ‘ಸೆಲೆಕ್ಟ್ ಅಂಡ್ ಮಾಸ್ಕ್’ ಅಂಚಿನ ಕೆಲಸಕ್ಕೆಂದೇ ರೂಪುಗೊಂಡವು.

ಕೈಯಿಂದ ತಿದ್ದಲು ‘ಕ್ವಿಕ್ ಮಾಸ್ಕ್’ ಅನುಕೂಲ. ಫೋಟೊಶಾಪ್‌ನಲ್ಲಿ ಕ್ಯೂ ಕೀಲಿಯನ್ನೂ ಜಿಂಪ್‌ನಲ್ಲಿ ಶಿಫ್ಟ್ ಜೊತೆಗೆ ಕ್ಯೂ ಕೀಲಿಯನ್ನೂ ಒತ್ತಿದಾಗ ಆಯ್ಕೆಯ ಹೊರಭಾಗ ಕೆಂಪು ಛಾಯೆಯಲ್ಲಿ ಕಾಣುತ್ತದೆ. ಗಣಕಪೂರ್ವ ಮುದ್ರಣದಲ್ಲಿ ಬಳಸುತ್ತಿದ್ದ ರೂಬಿಲಿತ್ ಎಂಬ ಕೆಂಪು ಹಾಳೆಯನ್ನು ಇದು ನೆನಪಿಸುತ್ತದೆ. ಕುಂಚದಿಂದ ಬಿಳಿ ಬಳಿದರೆ ಆಯ್ಕೆ ಹೆಚ್ಚುತ್ತದೆ, ಕಪ್ಪು ಬಳಿದರೆ ಕಡಿಮೆಯಾಗುತ್ತದೆ. ಇರುವೆಸಾಲು ಮರೆಮಾಡುವ ಮೃದುವಾದ ಅಂಚು ಇಲ್ಲಿ ನೇರವಾಗಿ ಕಾಣುವುದರಿಂದ ಕಲಿಯುವವರು ಮೊದಲು ಇದನ್ನೇ ಅಭ್ಯಾಸ ಮಾಡುವುದು ಒಳಿತು.

ಉಳಿಸಿಕೊಳ್ಳುವಿಕೆ

ಶ್ರಮಪಟ್ಟು ತಿದ್ದಿದ ಆಯ್ಕೆ ಬೇರೆಡೆ ಒಮ್ಮೆ ಕ್ಲಿಕ್ ಮಾಡಿದರೂ ಕಳೆದುಹೋಗಬಹುದು. ಅದನ್ನು ಚಾನೆಲ್ ಆಗಿ ಉಳಿಸಿಟ್ಟರೆ ಮತ್ತೆ ಪಡೆಯಬಹುದು. ಕಡತವನ್ನು ಫೋಟೊಶಾಪ್‌ನ ಪಿಎಸ್‌ಡಿ ಅಥವಾ ಜಿಂಪ್‌ನ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿದರೆ ಚಾನೆಲೂ ಉಳಿಯುತ್ತದೆ. ಜೆಪೆಗ್ ರೂಪದಲ್ಲಿ ಉಳಿಯುವುದಿಲ್ಲ.