ಹರಿವೆ ಸೊಪ್ಪಿಗೆ ಯಾವ ಹಲಗೆ?



ಮಳೆಗಾಲ ಹತ್ತಿರವಾದರೆ ನಮ್ಮ ಸ್ಟುಡಿಯೋ ಫೋನಿಗೆ ಹಾಡಿನ ಕೋರಿಕೆಯ ಜೊತೆ ತೋಟದ ಪ್ರಶ್ನೆಗಳೂ ಬರುತ್ತವೆ. "ಅಕ್ಕಾ, ಸೊಸೈಟಿ ಹಿಂದೆ ಸ್ವಲ್ಪ ಜಾಗ ಇದೆ. ಮರದ ಚೌಕಟ್ಟು ಮಾಡಿ ಮಣ್ಣು ತುಂಬಿ ತರಕಾರಿ ಬೆಳೀಬೇಕು. ಯಾವ ಮರ ತರೋದು, ಅದಕ್ಕೆ ಏನು ಬಳಿಯೋದು?" ಇದಕ್ಕೆ ಉತ್ತರ ಹೇಳುವ ಧೈರ್ಯ ನನಗೆ ಬಂದದ್ದು ಓದಿನಿಂದಲ್ಲ (ನನ್ನದು ಕನ್ನಡ ಬಿ.ಎ.), ಮಾಡಿದ ಒಂದು ತಪ್ಪಿನಿಂದ.

ಎರಡು ವರ್ಷದ ಹಿಂದೆ ಮುಂಬಯಿಯ ಒಂದು ಭಂಗಾರ್ ಅಂಗಡಿಯಲ್ಲಿ ದಪ್ಪನೆಯ ಪೈನ್ ಹಲಗೆಗಳು ಸಿಕ್ಕವು. ತುಸು ಹಸಿರು ಬಣ್ಣ. ಅಗ್ಗ, ಗಟ್ಟಿ, ಒಂದೇ ಒಂದು ಹುಳದ ತೂತಿಲ್ಲ. ಪೆಟ್ಟಿಗೆ ಮಾಡಿ ಹರಿವೆ ಬಿತ್ತಿದೆ. ಸೊಪ್ಪು ಸೊಗಸಾಗಿ ಬಂತು, ಮಗಳಿಗೆ ಎರಡು ಸಲ ಸಾರು ಮಾಡಿ ಬಡಿಸಿಯೂ ಆಯಿತು. ಆಮೇಲೆ ಕಪಾಟು ಸರಿಮಾಡಲು ಬಂದ ಉಡುಪಿ ಕಡೆಯ ಆಚಾರ್ರು ನೋಡಿ, "ಇದೆಂತ ಅಮ್ಮ, ಕೂಲಿಂಗ್ ಟವರಿನ ಮರ ಅಲ್ವಾ? ಇದಕ್ಕೆ ಮದ್ದು ಕುಡಿಸಿರ್ತಾರೆ" ಅಂದರು.

ಆ ಮದ್ದು ನಮ್ಮ ದೇಶದಲ್ಲೇ ಹುಟ್ಟಿದ್ದು. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶನ್ ಎಂಬ ವಿಜ್ಞಾನಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ತಯಾರಿಸಿದರು. 'ಆಸ್ಕು' ಎಂದು ಹೆಸರಾಗಿ ಲೋಕವೆಲ್ಲ ಸುತ್ತಿತು. ಒತ್ತಡ ಕೊಟ್ಟು ಇದನ್ನು ಮರದೊಳಗೆ ಇಳಿಸಿದರೆ ಗೆದ್ದಲೂ ಬೂಷ್ಟೂ ಹತ್ತಿರ ಸುಳಿಯವು. ಕಂಬಕ್ಕೆ, ಟವರಿಗೆ ಬಹಳ ಒಳ್ಳೆಯದು. ಆದರೆ ನೀರು ಬಿದ್ದಂತೆ ಆರ್ಸೆನಿಕ್ ಸ್ವಲ್ಪ ಸ್ವಲ್ಪವಾಗಿ ಮಣ್ಣಿಗೆ ಇಳಿಯುತ್ತದೆ, ಅದರಲ್ಲೂ ಹಲಗೆಗೆ ತಾಗಿದ ಮಣ್ಣಿಗೆ. ಅಮೆರಿಕದಲ್ಲಿ ಮನೆಬಳಕೆಯ ಹೆಚ್ಚಿನ ಮರಕ್ಕೆ ಇದನ್ನು 2003ರ ಕೊನೆಗೆ ನಿಲ್ಲಿಸಿದರು. ಎರಡು ಊಟಕ್ಕೆ ಹೆದರಬೇಡಿ ಎಂದರು ಡಾಕ್ಟರು. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅನ್ನಿ.

ಹಾಗಾದರೆ ಏನು ತರಬೇಕು? ಸಾಗವಾನಿ, ಹಲಸು, ಹೊನ್ನೆ. ಇವುಗಳಲ್ಲೂ ಒಳಗಿನ ಗಾಢ ಬಣ್ಣದ ತಿರುಳೇ ಬೇಕು. ಹೊರಗಿನ ಬಿಳಿಚು ಭಾಗವಾದರೆ ಸಾಗವಾನಿಯೂ ಬೇಗ ಕುಂಬಾಗುತ್ತದೆ. ಮಾವು, ರಬ್ಬರ್ ಮರ ಅಗ್ಗವೆಂದು ತಂದರೆ ಮುಂಬಯಿ ಮಳೆಗೆ ಹೆಚ್ಚು ದಿನ ನಿಲ್ಲವು. ರೇ ರೋಡಿನ ಮರದ ಪೇಟೆಗೆ ಹೋದರೆ ತುಂಡು ಸಾಗವಾನಿಯ ಬೆಲೆಯನ್ನೂ ಕೇಳಿ ನೋಡಿ. ಪೆಟ್ಟಿಗೆಗೆ ಉದ್ದ ಹಲಗೆ ಬೇಕೆಂದೇನಿಲ್ಲ. ಹಳೆಯ ರೈಲ್ವೆ ಸ್ಲೀಪರ್ ಬೇಡ, ಅದಕ್ಕೆ ಕ್ರಿಯೋಸೋಟ್ ಎಂಬ ಟಾರಿನ ಎಣ್ಣೆ ಕುಡಿಸಿರುತ್ತಾರೆ. ಬಣ್ಣ ಹಚ್ಚಿದ ಹಳೆಯ ಬಾಗಿಲೂ ಬೇಡ, ಆ ಬಣ್ಣದಲ್ಲಿ ಸೀಸ ಇರಬಹುದು.

ಪ್ಯಾಕಿಂಗ್ ಪ್ಯಾಲೆಟ್ ಸಿಕ್ಕಿದರೆ ಮೊದಲು ಅದರ ಮುದ್ರೆ ನೋಡಿ. 'ಎಚ್‌ಟಿ' ಎಂದಿದ್ದರೆ ಮರವನ್ನು ಒಳಗಿನವರೆಗೂ 56 ಡಿಗ್ರಿಗೆ 30 ನಿಮಿಷ ಕಾಯಿಸಿದ್ದಾರೆ ಎಂದರ್ಥ. 'ಎಂಬಿ' ಎಂದಿದ್ದರೆ ಮಿಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಅಲ್ಲೇ ಬಿಟ್ಟುಬನ್ನಿ. ಮುದ್ರೆಯೇ ಇಲ್ಲ, ಎಣ್ಣೆಯ ಕಲೆ ಇದೆ ಅಂದರೂ ಬೇಡ. ಕಾಯಿಸಿದ ಮಾತ್ರಕ್ಕೆ ಮರ ಕೊಳೆಯದೆ ಉಳಿಯುತ್ತದೆ ಎಂದಲ್ಲ, ಒಳಗಿದ್ದ ಹುಳ ಸತ್ತಿರುತ್ತದೆ ಅಷ್ಟೇ.

ಬಳಿಯಲು ನನ್ನ ಆಯ್ಕೆ ಹಸಿ ಅಗಸೆ ಎಣ್ಣೆ. ಅಂಗಡಿಯ 'ಬಾಯಿಲ್ಡ್' ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ. ಮರ ಚೆನ್ನಾಗಿ ಒಣಗಿರಬೇಕು. ತೆಳುವಾಗಿ ಎರಡು ಮೂರು ಸಲ ಹಚ್ಚಿ, ಪ್ರತಿ ಸಲವೂ ಪೂರ್ತಿ ಆರಲು ಬಿಡಿ. ನೀರು ಕುಡಿಯುವುದು ಕೊಯ್ದ ತುದಿಗಳಲ್ಲೇ ಹೆಚ್ಚು, ಅಲ್ಲಿ ಜಿಪುಣತನ ಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಕಾವೇರಿ ಬೆಂಕಿ ಹತ್ತಿಕೊಳ್ಳಬಹುದು. ಹರಡಿ ಒಣಗಿಸಿ. ನಮ್ಮೂರ ಕಡೆ ಬೇಲಿ ಕಂಬಕ್ಕೆ ಹಚ್ಚುವ ಗಾಡಿಯ ಸುಟ್ಟ ಆಯಿಲ್ ಇಲ್ಲಿಗೆ ಖಂಡಿತ ಸಲ್ಲದು.

ಎಣ್ಣೆಗಿಂತ ದೊಡ್ಡ ಮದ್ದು ಗಾಳಿ. ಟೆರೇಸಿನಲ್ಲಾದರೆ ಪೆಟ್ಟಿಗೆಯನ್ನು ಇಟ್ಟಿಗೆಯ ಮೇಲೆ ಎತ್ತಿಡಿ, ತಳದಲ್ಲಿ ನೀರಿಳಿಯಲು ತೂತು ಇರಲಿ. ಆದರೆ ತೂಕದ ಲೆಕ್ಕ ಮೊದಲು. ನಾಲ್ಕು ಅಡಿ ಉದ್ದ, ಎರಡಡಿ ಅಗಲ, ಒಂದಡಿ ಆಳದ ಪೆಟ್ಟಿಗೆಯಲ್ಲಿ ಒದ್ದೆ ಮಣ್ಣು ಮುನ್ನೂರೈವತ್ತು ಕಿಲೋ ದಾಟಬಹುದು. ಎಂಜಿನಿಯರ್ ಒಬ್ಬರನ್ನು ಕೇಳದೆ ಮೇಲೆ ಹತ್ತಿಸಬೇಡಿ.

ನನ್ನ ಹಸಿರು ಹಲಗೆಗಳ ಕಥೆ ಮುಗಿದಿಲ್ಲ. ಪೆಟ್ಟಿಗೆ ಬಿಚ್ಚುತ್ತೇನೆ ಅಂದಾಗ ವಾಚ್‌ಮನ್ ಬಂದು, ಸ್ನಾನದ ನೀರು ಕಾಯಿಸಲು ಆ ಮರ ಕೊಡಿ ಎಂದು ಕೇಳಿದ. ಕೊಟ್ಟೇಬಿಡುತ್ತಿದ್ದೆ. ಆಚಾರ್ರು ತಡೆದರು: ಸುಟ್ಟರೆ ವಿಷ ಹೊಗೆಯಲ್ಲೂ ಬೂದಿಯಲ್ಲೂ ಬರುತ್ತದೆ. ಅವನ ಕೋಣೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಪೆಟ್ಟಿಗೆ ಬಿಚ್ಚಲಿಲ್ಲ, ಹಾಗೇ ಮೂಲೆಗೆ ಸರಿಸಿ ಅದೇ ಮಣ್ಣಿಗೆ ಅಬ್ಬಲಿಗೆ ಹಾಕಿದೆ. ಸೊಪ್ಪು ಈಗ ಪಕ್ಕದ ಸಾಗವಾನಿ ಪೆಟ್ಟಿಗೆಯಲ್ಲಿ.